ಇದ್ದಿಲು ಕೊಳ್ಳುವುದು ತೂಕಕ್ಕೋ, ಶಾಖಕ್ಕೋ?

ನಿಡಗುಂದಿಯಿಂದ ಅನತಿದೂರದಲ್ಲಿರುವ ಕೂಡಗಿಯ ಎನ್‌ಟಿಪಿಸಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ತಲಾ 800 ಮೆಗಾವ್ಯಾಟ್ ಸಾಮರ್ಥ್ಯದ ಮೂರು ಘಟಕಗಳಿವೆ. ಇವು 2017 ಮತ್ತು 2018ರಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಒಂದು ಯೂನಿಟ್ ವಿದ್ಯುತ್ತಿಗೆ 600 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೂ ಮೂರೂ ಘಟಕಗಳು ಪೂರ್ಣ ಪ್ರಮಾಣದಲ್ಲಿ ಓಡಿದ ದಿನ ಸುಮಾರು 35 ಸಾವಿರ ಟನ್ ಕಲ್ಲಿದ್ದಲು ಬೇಕಾಗುತ್ತದೆ. ಒಂದು ರೇಕ್ ಗಾಡಿಗೆ ನಾಲ್ಕು ಸಾವಿರ ಟನ್ನಿಗಿಂತ ತುಸು ಕಡಿಮೆ ಹಿಡಿಯುವುದರಿಂದ ಅದು ಒಂಬತ್ತು ರೇಕುಗಳ ಲೆಕ್ಕ. ಇಷ್ಟೊಂದು ಕಲ್ಲಿದ್ದಲು ಮಗ್ಗುಲಲ್ಲೇ ಬಂದು ಉರಿದು ಬೂದಿಯಾಗುತ್ತಿದ್ದರೂ ನಿಡಗುಂದಿಯ ಪೇಟೆಯಲ್ಲಿ ಒಂದು ಚೀಲ ಕಲ್ಲಿದ್ದಲನ್ನು ಅದರಿಂದ ಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ವಿದ್ಯುತ್ ಸ್ಥಾವರಕ್ಕೆ ಒಪ್ಪಂದದ ಮೇಲೆ ಬರುವ ಕಲ್ಲಿದ್ದಲು ಆ ಸ್ಥಾವರದ ಬಾಯ್ಲರಿಗೇ ಮೀಸಲು.

ಹೀಗಿದ್ದರೂ ಈ ಭಾಗದ ವ್ಯಾಪಾರಿಗಳಿಗೂ ಸಣ್ಣ ಉದ್ದಿಮೆದಾರರಿಗೂ ಇದ್ದಿಲು, ಕಲ್ಲಿದ್ದಲುಗಳ ಖರೀದಿಯು ಹೊಸ ಮಾತಲ್ಲ. ಇಟ್ಟಿಗೆ ಭಟ್ಟಿ, ಕಂಬಾರ ಸಾಲೆ, ಪತ್ತಾರರ ಕುಲುಮೆ, ಇಸ್ತ್ರಿ ಅಂಗಡಿ, ಹೆದ್ದಾರಿಯ ಧಾಬಾಗಳ ತಂದೂರಿ ಭಟ್ಟಿ, ಇವೆಲ್ಲಕ್ಕೂ ಒಂದಲ್ಲ ಒಂದು ಬಗೆಯ ಇಂಗಾಲವೇ ಆಧಾರ. ಇವುಗಳ ಜೊತೆಗೆ ಯಾವ ವ್ಯಾಪಾರದ ಪಟ್ಟಿಯಲ್ಲಿಯೂ ಕಾಣದ ಇನ್ನೊಬ್ಬ ಗಿರಾಕಿ ಇದ್ದಾನೆ. ಮನೆಯಲ್ಲಿ ಬಾಣಂತಿ ಇದ್ದಾಗ ಹೊರಸಿನ ಕೆಳಗೆ ಇಡುವ ಶೆಗಡಿಗಾಗಿ ಹತ್ತು-ಇಪ್ಪತ್ತು ಕಿಲೋ ಇದ್ದಿಲು ಒಯ್ಯುವ ಗೃಹಸ್ಥನೇ ಆ ಗಿರಾಕಿ. ಕಲ್ಲಿದ್ದಲು ಉರಿಸಿ ಮನೆ ಬೆಚ್ಚಗೆ ಮಾಡಿಕೊಳ್ಳುವ ಪದ್ಧತಿ ಪಾಶ್ಚಾತ್ಯ ಶೀತ ದೇಶಗಳದು ಎಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆದರೆ ಡಿಸೆಂಬರ್-ಜನವರಿಯಲ್ಲಿ ಕನಿಷ್ಠ ಉಷ್ಣಾಂಶವು 10 ಡಿಗ್ರಿಯ ಆಸುಪಾಸಿಗೆ ಇಳಿಯುವ ವಿಜಯಪುರ ಜಿಲ್ಲೆಯಲ್ಲಿಯೂ ಅದು ತನ್ನದೇ ಸಣ್ಣ ಪ್ರಮಾಣದಲ್ಲಿ ಇದೆ. ಉದ್ದಿಮೆಯ ಕುಲುಮೆಯಾಗಲಿ ಮನೆಯ ಶೆಗಡಿಯಾಗಲಿ, ಕೊಳ್ಳುವವನು ಹಣ ಕೊಡುವುದು ಕಪ್ಪು ಬಣ್ಣದ ವಸ್ತುವಿಗಲ್ಲ, ಅದರೊಳಗಿನ ಶಾಖಕ್ಕೆ. ಈ ಒಂದು ಸಂಗತಿಯನ್ನು ಮರೆತಲ್ಲಿ ಒಮ್ಮೊಮ್ಮೆ ಹಣ ಹೋಗುತ್ತದೆ, ಒಮ್ಮೊಮ್ಮೆ ಜೀವವೇ ಹೋಗುತ್ತದೆ.

ಕಲ್ಲಿದ್ದಲಿನ ಜಾತಿಗಳು

ಸಸ್ಯರಾಶಿಯು ಭೂಮಿಯೊಳಗೆ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಕೋಟ್ಯಂತರ ವರ್ಷಗಳಲ್ಲಿ ಕಲ್ಲಿದ್ದಲಾಗುತ್ತದೆ. ಇದರಲ್ಲಿ ಎಳೆಯದು ಲಿಗ್ನೈಟ್, ನಡುಪ್ರಾಯದ್ದು ಬಿಟುಮಿನಸ್, ಎಲ್ಲಕ್ಕಿಂತ ಬಲಿತದ್ದು ಆಂಥ್ರಸೈಟ್. ಬಲಿತಂತೆ ಇಂಗಾಲದ ಅಂಶ ಹೆಚ್ಚುತ್ತದೆ; ಹೊಗೆಯನ್ನೂ ಹಳದಿ ಜ್ವಾಲೆಯನ್ನೂ ಕೊಡುವ ಆವಿಶೀಲ ಪದಾರ್ಥಗಳು ಕಡಿಮೆಯಾಗುತ್ತವೆ. ಉತ್ತಮ ಆಂಥ್ರಸೈಟಿನಲ್ಲಿ ಇವುಗಳ ಪ್ರಮಾಣ ಶೇ. 10ಕ್ಕಿಂತಲೂ ಕಡಿಮೆ. ಆದ್ದರಿಂದ ಅದು ಬೇಗ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಂಡ ಮೇಲೆ ಹೊಗೆಯಿಲ್ಲದೆ, ಕಿರಿದಾದ ನೀಲಿ ಜ್ವಾಲೆಯೊಡನೆ ಬಹಳ ಹೊತ್ತು ಉರಿಯುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಇಂತಹ ಕಲ್ಲಿದ್ದಲು ಹೇರಳವಾಗಿದ್ದರೂ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಮನೆಬಳಕೆಗೆ ಅದು ನಿರುಪಯೋಗಿ ಕಲ್ಲೆಂದೇ ಬಹುಜನರು ತಿಳಿದಿದ್ದರು. 1808ರಲ್ಲಿ ವಿಲ್ಕ್ಸ್-ಬ್ಯಾರಿ ಪಟ್ಟಣದ ಜೆಸ್ಸಿ ಫೆಲ್ ಎಂಬವರು ಕಬ್ಬಿಣದ ಸರಳುಗಳ ಜಾಲರಿಯ ಮೇಲೆ ಅದನ್ನಿಟ್ಟು, ಗಾಳಿಯು ಕೆಳಗಿನಿಂದ ನುಗ್ಗುವಂತೆ ಮಾಡಿ ಮನೆಯೊಳಗೆ ಉರಿಸಿ ತೋರಿಸಿದರು. ಯಂತ್ರದ ನೆರವೇನೂ ಬೇಕಾಗಲಿಲ್ಲ. ಗಾಳಿ ಬರುವ ದಾರಿಯನ್ನು ಬದಲಿಸಿದ್ದಷ್ಟೇ. ಅಲ್ಲಿಂದ ಮುಂದೆ ಮನೆ ಬೆಚ್ಚಗಿಡುವ ಒಲೆಗಳ ಒಂದು ದೊಡ್ಡ ಉದ್ದಿಮೆಯೇ ಬೆಳೆಯಿತು. ಮೊಟ್ಟೆ, ಚೆಸ್ಟ್‌ನಟ್, ಬಟಾಣಿ, ಅಕ್ಕಿ ಎಂದು ಗಾತ್ರಕ್ಕೆ ತಕ್ಕ ಹೆಸರಿಟ್ಟು, ಜರಡಿ ಹಿಡಿದು, ಒಲೆಗೆ ಹೊಂದುವ ಗಾತ್ರವನ್ನೇ ಮಾರುವ ಕ್ರಮ ಅಲ್ಲಿ ಇಂದಿಗೂ ಉಂಟು. ತಮ್ಮ ಕುಲುಮೆಗೆ ಯಾವ ಗಾತ್ರದ ತುಂಡು ಬೇಕೆಂದು ಕೇಳಿ ಕೊಳ್ಳುವವರು ನಮ್ಮ ಪೇಟೆಗಳಲ್ಲಿ ವಿರಳ.

ಭಾರತದಲ್ಲಿ ಆಂಥ್ರಸೈಟ್ ಇಲ್ಲವೆಂಬಷ್ಟು ಕಡಿಮೆ. ನಮ್ಮ ಕಲ್ಲಿದ್ದಲಿನ ಬಹುಪಾಲು ಗೊಂಡ್ವಾನಾ ಕಾಲದ ಶಿಲಾಪದರಗಳದು. ಅದರಲ್ಲಿ ಬೂದಿಯ ಅಂಶ ಶೇ. 25ರಿಂದ 45ರವರೆಗೂ ಇರುತ್ತದೆ. ಕರ್ನಾಟಕಕ್ಕಂತೂ ಕಲ್ಲಿದ್ದಲಿನ ಗಣಿಯೇ ಇಲ್ಲ. ಇದೇ ಕಾರಣದಿಂದ 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸ ಆರಂಭಿಸಿದಾಗ ಅದರ ಊದುಕುಲುಮೆಗೆ ಮಲೆನಾಡಿನ ಕಟ್ಟಿಗೆಯಿಂದ ಸುಟ್ಟ ಇದ್ದಿಲನ್ನೇ ಬಳಸಬೇಕಾಯಿತು. ಗಣಿಯ ಇಂಗಾಲ ಇಲ್ಲದ ನಾಡಿನಲ್ಲಿ ಮರದ ಇಂಗಾಲವೇ ಆಂಥ್ರಸೈಟಿನ ಸ್ಥಾನದಲ್ಲಿ ನಿಂತಿತು. ಗುಣದಲ್ಲಿಯೂ ಇವೆರಡೂ ದೂರದವಲ್ಲ. ಚೆನ್ನಾಗಿ ಸುಟ್ಟ ಇದ್ದಿಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಂಗಾಲವೇ ಇರುತ್ತದೆ, ಒಣಗಿದ್ದರೆ ಕಿಲೋ ಒಂದಕ್ಕೆ 7,000 ಕಿಲೋಕ್ಯಾಲೊರಿಯ ಸುಮಾರಿಗೆ ಶಾಖ ಕೊಡುತ್ತದೆ, ಹೊಗೆಯಿಲ್ಲದೆ ಉರಿಯುತ್ತದೆ.

ಸಣ್ಣ ಉದ್ದಿಮೆದಾರನಿಗೆ ಕಲ್ಲಿದ್ದಲು

ಬಾಯ್ಲರ್ ಅಥವಾ ದೊಡ್ಡ ಭಟ್ಟಿ ಇರುವವರು ಇದ್ದಿಲನ್ನು ನೆಚ್ಚಿ ಕೂರುವಂತಿಲ್ಲ. ಅವರಿಗೆ ಕಲ್ಲಿದ್ದಲೇ ಬೇಕು. ವಿಜಯಪುರ ಜಿಲ್ಲೆಗೆ ಸಮೀಪದ ಗಣಿಗಳೆಂದರೆ ತೆಲಂಗಾಣದ ಸಿಂಗರೇಣಿ ಮತ್ತು ಮಹಾರಾಷ್ಟ್ರದ ಚಂದ್ರಪುರ ಭಾಗದ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯ ಗಣಿಗಳು. 1973ರ ರಾಷ್ಟ್ರೀಕರಣದ ನಂತರ ದೀರ್ಘಕಾಲ ಕಲ್ಲಿದ್ದಲಿನ ಬೆಲೆ ಮತ್ತು ಹಂಚಿಕೆಗಳು ಸರ್ಕಾರದ ಹಿಡಿತದಲ್ಲಿದ್ದವು. 2000ದ ಜನವರಿ 1ರಿಂದ ಬೆಲೆಯ ನಿಯಂತ್ರಣ ಪೂರ್ಣವಾಗಿ ತೆರವಾಯಿತು. ಆ ಮೇಲೆ ಬಂದ ಇ-ಹರಾಜು ಪದ್ಧತಿಯನ್ನು 2006ರ ಡಿಸೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಅಶೋಕ ಸ್ಮೋಕ್‌ಲೆಸ್ ಕೋಲ್ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ಹೆಸರೇ ಸೂಚಿಸುವಂತೆ ವ್ಯಾಜ್ಯ ಹೂಡಿದ್ದುದು ಹೊಗೆರಹಿತ ಕಲ್ಲಿದ್ದಲಿನ ಉದ್ದಿಮೆ. ಇದರ ಬೆನ್ನಿಗೇ 2007ರ ಅಕ್ಟೋಬರಿನಲ್ಲಿ ಹೊಸ ಕಲ್ಲಿದ್ದಲು ವಿತರಣಾ ನೀತಿ ಹೊರಬಂದು, ಇ-ಹರಾಜು ಹೊಸ ರೂಪದಲ್ಲಿ ಮರಳಿತು. ವರ್ಷಕ್ಕೆ 4,200 ಟನ್ನಿಗಿಂತ ಕಡಿಮೆ ಬೇಕಾಗುವ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ರಾಜ್ಯ ಸರ್ಕಾರ ಸೂಚಿಸುವ ಸಂಸ್ಥೆಗಳ ಮೂಲಕ ಪೂರೈಸುವ ಏರ್ಪಾಡಾಯಿತು. ಈ ಮಿತಿಯನ್ನು 2016ರಲ್ಲಿ 10,000 ಟನ್ನಿಗೆ ಏರಿಸಲಾಯಿತು. ಕಾಗದದ ಮೇಲೆ ದಾರಿ ತೆರೆದಿದೆ. ಆದರೆ ತಿಂಗಳಿಗೆ ಒಂದೆರಡು ಲಾರಿ ಮಾತ್ರ ಬೇಕಾದವನು ಹರಾಜಿನಲ್ಲಿ ಕೂತು ಕೊಳ್ಳುವುದು ವಿರಳ. ಅವನು ಮಧ್ಯವರ್ತಿಯ ಬಳಿಗೇ ಹೋಗುತ್ತಾನೆ. ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಟನ್ನಿನ ದರವಲ್ಲ, ದರ್ಜೆ.

2011ರ ಕೊನೆಯವರೆಗೆ ಸಾಮಾನ್ಯ ಕಲ್ಲಿದ್ದಲಿಗೆ ಎ ಯಿಂದ ಜಿ ವರೆಗೆ ಏಳು ದರ್ಜೆಗಳಿದ್ದವು. 2012ರ ಜನವರಿ 1ರಿಂದ ಒಟ್ಟು ಶಾಖಮೌಲ್ಯವನ್ನೇ ಆಧಾರವಾಗಿಟ್ಟುಕೊಂಡು ಜಿ-1ರಿಂದ ಜಿ-17ರವರೆಗೆ ಹದಿನೇಳು ದರ್ಜೆಗಳು ಬಂದವು. ಕಿಲೋಗೆ 7,000 ಕಿಲೋಕ್ಯಾಲೊರಿಗಿಂತ ಹೆಚ್ಚು ಶಾಖವಿದ್ದರೆ ಜಿ-1. ಅಲ್ಲಿಂದ ಮುನ್ನೂರು ಮುನ್ನೂರು ಇಳಿಯುತ್ತ ಹೋಗಿ 2,201ರಿಂದ 2,500ರವರೆಗಿನದು ಜಿ-17. ನಡುವಿನ ಜಿ-5 ಎಂದರೆ 5,801ರಿಂದ 6,100. ಜಿ-11 ಎಂದರೆ 4,001ರಿಂದ 4,300.

ಗಣಿಯಿಂದ ದೂರವಿರುವ ನಮ್ಮಂತಹ ಊರುಗಳಿಗೆ ಈ ದರ್ಜೆಯ ಲೆಕ್ಕ ಹೇಗೆ ತಿರುಗುಮುರುಗಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಲ್ಲಿನ ದರಗಳು ಲೆಕ್ಕಕ್ಕಾಗಿ ಹಿಡಿದವು ಮಾತ್ರ. ಕಿಲೋಗೆ 4,200 ಕಿಲೋಕ್ಯಾಲೊರಿಯ ಕಲ್ಲಿದ್ದಲು ಗಣಿಯ ಬಾಯಲ್ಲಿ ಟನ್ನಿಗೆ 4,000 ರೂಪಾಯಿ, 6,000 ಕಿಲೋಕ್ಯಾಲೊರಿಯದು 6,000 ರೂಪಾಯಿ ಎಂದಿರಲಿ. ಗಣಿಯಲ್ಲಿ ನಿಂತು ನೋಡಿದರೆ ಸಾವಿರ ಕಿಲೋಕ್ಯಾಲೊರಿ ಶಾಖಕ್ಕೆ ಮೊದಲನೆಯದು 95 ಪೈಸೆ, ಎರಡನೆಯದು ಒಂದು ರೂಪಾಯಿ, ಅಗ್ಗದ್ದೇ ಲಾಭ. ಈಗ ಎರಡಕ್ಕೂ ಲಾರಿ ಬಾಡಿಗೆ, ಹಮಾಲಿ ಸೇರಿ ಟನ್ನಿಗೆ 3,500 ರೂಪಾಯಿ ಕೂಡಿಸಬೇಕು. ಊರಿಗೆ ತಲಪಿದಾಗ ಮೊದಲನೆಯದು 7,500, ಎರಡನೆಯದು 9,500. ಸಾವಿರ ಕಿಲೋಕ್ಯಾಲೊರಿಗೆ ಮೊದಲನೆಯದಕ್ಕೆ ಒಂದು ರೂಪಾಯಿ 79 ಪೈಸೆ ಬಿದ್ದರೆ ಎರಡನೆಯದಕ್ಕೆ ಒಂದು ರೂಪಾಯಿ 58 ಪೈಸೆ. ಟನ್ನಿಗೆ ಎರಡು ಸಾವಿರ ಹೆಚ್ಚು ಕೊಟ್ಟು ತಂದದ್ದು ಶಾಖದ ಲೆಕ್ಕದಲ್ಲಿ ಅಗ್ಗ. ಬೂದಿಗೂ ಬಾಡಿಗೆ ಕೊಟ್ಟು ತರುವುದೇ ಈ ವ್ಯತ್ಯಾಸಕ್ಕೆ ಕಾರಣ. ಗಣಿ ದೂರವಾದಷ್ಟೂ ಈ ಅಂತರ ಬೆಳೆಯುತ್ತದೆ.

ತೆರಿಗೆಯ ಬದಲಾವಣೆಯನ್ನೂ ಇಲ್ಲಿಯೇ ಗಮನಿಸಬೇಕು. 2025ರ ಸೆಪ್ಟೆಂಬರ್ 21ರವರೆಗೆ ಕಲ್ಲಿದ್ದಲಿನ ಮೇಲೆ ಶೇ. 5ರ ಜಿಎಸ್‌ಟಿ ಮತ್ತು ಟನ್ನಿಗೆ 400 ರೂಪಾಯಿಗಳ ಪರಿಹಾರ ಸೆಸ್ ಇತ್ತು. ಸೆಪ್ಟೆಂಬರ್ 22ರಿಂದ ಸೆಸ್ ತೆಗೆದು ಜಿಎಸ್‌ಟಿಯನ್ನು ಶೇ. 18ಕ್ಕೆ ಏರಿಸಲಾಯಿತು. ಲೆಕ್ಕ ಹಾಕಿದರೆ ಟನ್ನಿಗೆ ಸುಮಾರು 3,077 ರೂಪಾಯಿಗಿಂತ ಅಗ್ಗದ ಕಲ್ಲಿದ್ದಲಿಗೆ ತೆರಿಗೆಯ ಹೊರೆ ಇಳಿದಿದೆ, ಅದಕ್ಕಿಂತ ದುಬಾರಿಯಾದದ್ದಕ್ಕೆ ಏರಿದೆ. ಸಾಮಾನ್ಯ ನೋಂದಣಿಯಿರುವ ಉದ್ದಿಮೆದಾರನಿಗೆ ಕೊಟ್ಟ ಜಿಎಸ್‌ಟಿಯು ಹೂಡುವಳಿ ತೆರಿಗೆಯಾಗಿ ಜಮೆ ಸಿಗುತ್ತದೆ. ಹಿಂದಿನ ಸೆಸ್ ಹಾಗೆ ಜಿಎಸ್‌ಟಿಗೆ ವಜಾ ಆಗುತ್ತಿರಲಿಲ್ಲ. ಆದ್ದರಿಂದ ಅವನಿಗೆ ಈ ಬದಲಾವಣೆ ಒಟ್ಟಿನಲ್ಲಿ ಅನುಕೂಲವೇ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣವನಿಗೆ ಮಾತ್ರ ಜಮೆ ಇಲ್ಲ. ಒಳ್ಳೆಯ ದರ್ಜೆಯ ಕಲ್ಲಿದ್ದಲಿಗೆ ಶೇ. 18 ಪೂರ್ತಿ ಅವನ ತಲೆಯ ಮೇಲೆ. ಮೇಲಿನ ಉದಾಹರಣೆಯ ಅಂತರದಲ್ಲಿ ಒಂದಿಷ್ಟನ್ನು ಈ ತೆರಿಗೆ ತಿಂದುಹಾಕುತ್ತದೆ.

ಜಾಲಿಯಿಂದ ಚೀಲಕ್ಕೆ

ಇನ್ನು ಪೇಟೆಯ ಇದ್ದಿಲಿನ ವಿಚಾರ. ಬಯಲುಸೀಮೆಯಲ್ಲಿ ಕೆರೆಯಂಗಳ, ಹಳ್ಳದ ದಂಡೆ, ಪಾಳುಭೂಮಿಗಳನ್ನು ಆವರಿಸಿಕೊಂಡಿರುವ ಬಳ್ಳಾರಿ ಜಾಲಿಯು ರೈತನ ಪಾಲಿಗೆ ಕಳೆ. ಇದ್ದಿಲು ಸುಡುವವನಿಗೆ ಅದೇ ಬಂಡವಾಳ. ಗಟ್ಟಿ ಕಟ್ಟಿಗೆಯಾದುದರಿಂದ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಕಡಿಯಲು ಪೂರ್ವಾನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಜಾಲಿಯ ಈ ಜಾತಿಯೂ ಇದೆ. ಆದರೆ ಕಡಿಯುವ ವಿನಾಯಿತಿಯೇ ಸಾಗಿಸುವ ವಿನಾಯಿತಿ ಎಂದು ಭಾವಿಸಿ ಲಾರಿ ತುಂಬುವುದು ಜಾಣತನವಲ್ಲ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಕಟ್ಟಿಗೆಯನ್ನು ಒಟ್ಟಿ, ಮೇಲೆ ಹುಲ್ಲು-ಸೊಪ್ಪೆ ಹೊದಿಸಿ, ಮಣ್ಣು ಮೆತ್ತಿ, ಗಾಳಿಗೆ ಕಿಂಡಿಗಳನ್ನು ಮಾತ್ರ ಬಿಟ್ಟು ನಿಧಾನವಾಗಿ ಸುಡುವುದು ಹಳೆಯ ಕ್ರಮ. ಹೀಗೆ ಸುಟ್ಟಾಗ ನಾಲ್ಕರಿಂದ ಆರು ಕಿಲೋ ಕಟ್ಟಿಗೆಗೆ ಒಂದು ಕಿಲೋ ಇದ್ದಿಲು ಬರುತ್ತದೆ. ಗೂಡನ್ನು ಕಾಯುವವನ ಕೈಗುಣವೇ ಇಲ್ಲಿ ಮುಖ್ಯ. ಆರಂಭದಲ್ಲಿ ಬಿಳಿ ಹೊಗೆ ಬರುತ್ತದೆ, ಅದು ನೀರು ಹೋಗುತ್ತಿರುವ ಲಕ್ಷಣ. ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ಕಿಂಡಿ ಮುಚ್ಚಬೇಕು. ಬೇಗ ಮುಚ್ಚಿದರೆ ಅರೆಸುಟ್ಟ ಕೊರಡು ಉಳಿಯುತ್ತದೆ. ತಡವಾದರೆ ಇದ್ದಿಲೇ ಉರಿದು ಬೂದಿಯಾಗುತ್ತದೆ. ಅರೆಸುಟ್ಟದ್ದು ತೂಕ ಹೆಚ್ಚು ತೂಗುವುದರಿಂದ ಮಾರುವವನಿಗೆ ನಷ್ಟವಿಲ್ಲ. ಕೊಂಡವನ ಮನೆ ತುಂಬ ಹೊಗೆ.

ಒಳ್ಳೆಯ ಇದ್ದಿಲನ್ನು ಗುರುತಿಸಲು ಪ್ರಯೋಗಾಲಯ ಬೇಡ. ಎರಡು ತುಂಡುಗಳನ್ನು ತಾಕಿಸಿದರೆ ಲೋಹದಂತೆ ಟಣ್ ಎನ್ನಬೇಕು. ಮುರಿದಾಗ ಒಳಮೈ ಹೊಳೆಯುವ ಕಪ್ಪಾಗಿರಬೇಕು. ಕಂದು ಬಣ್ಣವಿದ್ದರೆ ಅರೆಸುಟ್ಟದ್ದು. ನೀರಿನ ಅಂಶವನ್ನು ಕಣ್ಣಿನಿಂದ ಅರಿಯುವುದು ಮಾತ್ರ ಕಷ್ಟ. ಇದ್ದಿಲು ರಂಧ್ರಮಯವಾದ ವಸ್ತು. ಮಳೆಗಾಲದ ಗಾಳಿಯಿಂದಲೇ ತೇವ ಹೀರುತ್ತದೆ, ನೀರು ಚಿಮುಕಿಸಿದರಂತೂ ಕೇಳುವುದೇ ಬೇಡ. ಕ್ವಿಂಟಲ್ ಒಂದರಲ್ಲಿ ಹತ್ತು ಕಿಲೋ ನೀರಿದ್ದರೆ ಆ ನೀರನ್ನು ಆವಿ ಮಾಡಲು ಖರ್ಚಾಗುವ ಶಾಖ ಸುಮಾರು ಆರು ಸಾವಿರ ಕಿಲೋಕ್ಯಾಲೊರಿ. ಉಳಿದ ತೊಂಬತ್ತು ಕಿಲೋ ಇದ್ದಿಲಿನ ಶಾಖ ಆರು ಲಕ್ಷ ಮೂವತ್ತು ಸಾವಿರ. ಅಂದರೆ ಆವಿಯಾಗಿ ಹೋಗುವುದು ನೂರಕ್ಕೆ ಒಂದು ಪಾಲೂ ಅಲ್ಲ. ನಿಜವಾದ ನಷ್ಟ ತಕ್ಕಡಿಯ ಮೇಲೆಯೇ ಆಗಿಹೋಗಿರುತ್ತದೆ. ಹತ್ತು ಕಿಲೋ ನೀರಿಗೆ ಇದ್ದಿಲಿನ ದರ ತೆತ್ತಾಗಿರುತ್ತದೆ. ತಿಳಿದವರು ಒಂದು ಕಿಲೋ ಮಾದರಿಯನ್ನು ತೂಗಿ, ಎರಡು ದಿನ ಕಡುಬಿಸಿಲಿನಲ್ಲಿ ಹರವಿ, ಮತ್ತೆ ತೂಗಿ ನೋಡುತ್ತಾರೆ. ಬುಟ್ಟಿಯ ಲೆಕ್ಕದಲ್ಲಿ ಕೊಂಡರೆ ಇದರಿಂದ ಪಾರಾಗಬಹುದೆಂದು ಹೇಳುವವರಿದ್ದಾರೆ. ಆದರೆ ದೊಡ್ಡ ತುಂಡುಗಳ ನಡುವೆ ಗಾಳಿಯೇ ತುಂಬಿರುವುದರಿಂದ ಬುಟ್ಟಿಯೂ ನಂಬಿಕೆಗೆ ಅರ್ಹವಲ್ಲ.

ದಾಸ್ತಾನು ಮಾಡುವ ವ್ಯಾಪಾರಿಗೆ ಇನ್ನೊಂದು ಅಪಾಯವುಂಟು. ಗೂಡಿನಿಂದ ಹೊಸದಾಗಿ ತೆಗೆದ ಇದ್ದಿಲು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ತಾನಾಗಿಯೇ ಬಿಸಿಯಾಗುತ್ತದೆ. ಕನಿಷ್ಠ ಒಂದು ಹಗಲು-ರಾತ್ರಿ ಬಯಲಿನಲ್ಲಿ ಹರವಿ ಆರಿಸದೆ ಚೀಲ ತುಂಬಿ ಒತ್ತೊತ್ತಾಗಿ ಜೋಡಿಸಿದರೆ ಉಗ್ರಾಣಕ್ಕೆ ಬೆಂಕಿ ಹಚ್ಚಲು ಬೇರೆ ಯಾರೂ ಬೇಕಿಲ್ಲ. ಪುಡಿ ಕಲ್ಲಿದ್ದಲಿನ ಎತ್ತರದ ರಾಶಿಗೂ ಇದೇ ಗುಣವಿದೆ.

ಶೆಗಡಿಯೊಳಗೆ ಆಗುವುದೇನು?

ಖರೀದಿಯಷ್ಟೇ ಮಹತ್ವದ್ದು ಉರಿಸುವ ಕ್ರಮ. ಇಂಗಾಲವು ಸಾಕಷ್ಟು ಗಾಳಿ ಸಿಕ್ಕಿ ಪೂರ್ಣವಾಗಿ ಉರಿದರೆ ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ. ಆಗ ಕಿಲೋ ಇಂಗಾಲಕ್ಕೆ ಸುಮಾರು 7,800 ಕಿಲೋಕ್ಯಾಲೊರಿ ಶಾಖ ಬರುತ್ತದೆ. ಗಾಳಿ ಸಾಲದಾದರೆ ಅದು ಕಾರ್ಬನ್ ಮೊನಾಕ್ಸೈಡ್ ಆಗಿ ನಿಲ್ಲುತ್ತದೆ. ಆಗ ಬರುವ ಶಾಖ ಕೇವಲ 2,200ರಷ್ಟು. ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಕಾರ್ಬನ್ ಮೊನಾಕ್ಸೈಡ್ ಎಂಬುದು ಹಣ ಕೊಟ್ಟು ಕೊಂಡು ಕೈಗೆ ಸಿಗದೆ ಹೋದ ಶಾಖ. ಅದೇ ಅನಿಲ ಉಸಿರಿನೊಡನೆ ದೇಹ ಸೇರಿದರೆ ರಕ್ತದಲ್ಲಿನ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯಿಲ್ಲ.

ಶೆಗಡಿಯಲ್ಲಿ ಕೆಂಡದ ಪದರ ದಪ್ಪವಾದಷ್ಟೂ ಈ ಅನಿಲ ಹೆಚ್ಚುತ್ತದೆ. ಕೆಳಗಿನ ಪದರದಲ್ಲಿ ಹುಟ್ಟಿದ ಕಾರ್ಬನ್ ಡೈ ಆಕ್ಸೈಡ್ ಮೇಲಿನ ಕೆಂಡದ ನಡುವೆ ಹಾಯುವಾಗ ಮತ್ತಷ್ಟು ಇಂಗಾಲವನ್ನು ಹಿಡಿದುಕೊಂಡು ಮೊನಾಕ್ಸೈಡಾಗಿ ಮಾರ್ಪಡುತ್ತದೆ. ಕೆಂಡದ ಮೇಲೆ ಕುಣಿಯುವ ನೀಲಿ ಜ್ವಾಲೆಯು ಅದೇ ಅನಿಲ ಉರಿಯುತ್ತಿರುವ ಗುರುತು. ಆಂಥ್ರಸೈಟ್ ಒಲೆಯನ್ನು ರೂಪಿಸಿದವರು ಇದನ್ನು ಬಲ್ಲರು. ಆದುದರಿಂದಲೇ ಆ ಒಲೆಗಳಲ್ಲಿ ಜಾಲರಿಯ ಕೆಳಗಿನಿಂದ ಬರುವ ಗಾಳಿಯಲ್ಲದೆ ಕೆಂಡದ ಮೇಲ್ಭಾಗಕ್ಕೂ ಗಾಳಿ ಬರುವ ಕಿಂಡಿ ಇರುತ್ತದೆ, ಅನಿಲ ಅಲ್ಲಿಯೇ ಉರಿದು ಶಾಖವಾಗಲೆಂದು. ಉಳಿದದ್ದನ್ನು ಚಿಮಣಿ ಮನೆಯ ಹೊರಗೆ ಒಯ್ಯುತ್ತದೆ. ಬೂದಿಯನ್ನು ಮೇಲಿನಿಂದ ಕೆದಕುವುದಿಲ್ಲ, ಜಾಲರಿಯನ್ನು ಅಲುಗಿಸಿ ಕೆಳಗೆ ಬೀಳಿಸುತ್ತಾರೆ. ಇಷ್ಟೆಲ್ಲ ಇದ್ದೂ ಮಲಗುವ ಕೋಣೆಯಲ್ಲಿ ಮೊನಾಕ್ಸೈಡ್ ಪತ್ತೆಹಚ್ಚಿ ಕೂಗುವ ಸಾಧನವನ್ನು ಇಡುತ್ತಾರೆ.

ನಮ್ಮ ಶೆಗಡಿಗೆ ಚಿಮಣಿಯಿಲ್ಲ. ಬಾಣಂತಿಗೆ ಎರೆದ ಮೇಲೆ ಗಾಳಿ ತಾಕಬಾರದೆಂದು ಕಿಟಕಿ-ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಟ್ಟು, ಲೋಬಾನ, ಅಜಿವಾನ, ಬೆಳ್ಳುಳ್ಳಿ ಸಿಪ್ಪೆಗಳ ಹೊಗೆ ಹಾಕುವ ರೂಢಿ ತಲೆಮಾರುಗಳಿಂದ ಬಂದುದು. ಹಿಂದಿನ ಮನೆಗಳಿಗೆ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು, ಕದಗಳಲ್ಲಿ ಸಂದುಗಳಿರುತ್ತಿದ್ದವು. ಕೋಣೆ ಮುಚ್ಚಿದಂತೆ ಕಂಡರೂ ಪೂರ್ತಿ ಮುಚ್ಚಿರುತ್ತಿರಲಿಲ್ಲ. ಇಂದಿನ ಆರ್‌ಸಿಸಿ ಮನೆಗಳ ಬಾಗಿಲು-ಕಿಟಕಿಗಳು ಬಿಗಿಯಾಗಿ ಕೂಡುತ್ತವೆ. ಮನೆ ಬದಲಾಯಿತು, ರೂಢಿ ಹಾಗೆಯೇ ಉಳಿಯಿತು.

ಇದರ ಪರಿಣಾಮವನ್ನೂ ಲೆಕ್ಕದಿಂದಲೇ ತಿಳಿಯಬಹುದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಅಲ್ಲಿ ಒಂದು ಕಿಲೋ ಇದ್ದಿಲು ಉರಿದು, ಅದರ ಇಂಗಾಲದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಮೊನಾಕ್ಸೈಡ್ ಆಯಿತೆಂದುಕೊಂಡರೂ ಹುಟ್ಟುವ ಅನಿಲ 180 ಗ್ರಾಂ ದಾಟುತ್ತದೆ. ಗಾಳಿ ಹೊರಹೋಗದಿದ್ದರೆ ಘನ ಮೀಟರಿಗೆ ಐದು ಸಾವಿರ ಮಿಲಿಗ್ರಾಂಗಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು ಮನೆಯೊಳಗಿನ ಗಾಳಿಗೆ ಹದಿನೈದು ನಿಮಿಷಗಳ ಮಿತಿಯೆಂದು ಹೇಳಿರುವುದು ನೂರು ಮಿಲಿಗ್ರಾಂ. ಕಾಲು ಕಿಲೋ ಇದ್ದಿಲು ಸಾಕು, ಆ ಮಿತಿಯ ಹತ್ತು ಪಟ್ಟು ಮೀರಲು.

2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಚಳಿಗಾಗಿ ಕೋಣೆಯಲ್ಲಿ ಇದ್ದಿಲ ಬೆಂಕಿ ಇಟ್ಟುಕೊಂಡು ಮಲಗಿದ್ದ ಯುವಕರಲ್ಲಿ ಮೂವರು ಬೆಳಗಾಗುವಷ್ಟರಲ್ಲಿ ಮೃತಪಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದುದು ಅನೇಕರಿಗೆ ನೆನಪಿರಬಹುದು. ಇಂತಹ ಸುದ್ದಿಗಳಲ್ಲಿ ಸಾಮಾನ್ಯವಾಗಿ "ಹೊಗೆಯಿಂದ ಉಸಿರುಗಟ್ಟಿ" ಎಂದು ಬರೆಯಲಾಗುತ್ತದೆ. ಈ ಮಾತು ದಾರಿ ತಪ್ಪಿಸುವಂತಹುದು. ಹೊಗೆಯಿದ್ದರೆ ಮಲಗಿದವರು ಕೆಮ್ಮಿ ಎದ್ದಾರು. ಹೊಗೆಯಿಲ್ಲದ ಕೆಂಡವೇ ಎಚ್ಚರಗೊಳಿಸದೆ ಕೊಲ್ಲುವುದು. "ಹೊರಗೆ ಹೊತ್ತಿಸಿ, ಹೊಗೆ ಹೋದ ಮೇಲೆ ಒಳಗೆ ತಂದರೆ ಅಪಾಯವಿಲ್ಲ" ಎಂಬ ನಂಬಿಕೆಯೂ ಅರ್ಧ ಸತ್ಯ. ಹೊಗೆಯ ಪದಾರ್ಥಗಳು ಹೊರಗೆ ಉರಿದು ಹೋಗುತ್ತವೆ, ನಿಜ; ಕೆಂಪಗಿರುವ ಕೆಂಡ ಬೂದಿ ಮುಚ್ಚುವವರೆಗೂ, ಮುಚ್ಚಿದ ಮೇಲೂ, ಮೊನಾಕ್ಸೈಡನ್ನು ಕೊಡುತ್ತಲೇ ಇರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ಬಾಣಂತಿಯು ಇವುಗಳನ್ನು ಹೇಳಿಕೊಂಡರೆ ನಂಜಾಗಿದೆ, ನಿದ್ದೆಗೆಟ್ಟಿದೆ ಎಂದು ಇನ್ನಷ್ಟು ಬೆಚ್ಚಗೆ ಹೊದಿಸಿ ಮಲಗಿಸುವುದೇ ಹೆಚ್ಚು. ತೊಟ್ಟಿಲ ಕೂಸು ಹೇಳಿಕೊಳ್ಳುವುದೂ ಇಲ್ಲ.

ಕಲ್ಲಿದ್ದಲನ್ನು ಶೆಗಡಿಯಲ್ಲಿ ಉರಿಸುವುದಂತೂ ಸರ್ವಥಾ ಸಲ್ಲದು. ಇಟ್ಟಿಗೆ ಭಟ್ಟಿಯಿಂದ ತಂದ ನಾಲ್ಕು ತುಂಡು ಬಹಳ ಹೊತ್ತು ಉರಿಯುತ್ತದೆಂಬ ಆಸೆ ಸಹಜ. ನಮ್ಮ ಕಲ್ಲಿದ್ದಲಿನಲ್ಲಿ ಆವಿಶೀಲ ಪದಾರ್ಥವೂ ಗಂಧಕವೂ ಇರುವುದರಿಂದ ಮೊನಾಕ್ಸೈಡಿನ ಜೊತೆಗೆ ದಟ್ಟ ಹೊಗೆ ಹಾಗೂ ಗಂಟಲು ಕೆರೆಯುವ ಗಂಧಕದ ಅನಿಲವೂ ಕೋಣೆ ಸೇರುತ್ತವೆ.

ತಕ್ಕಡಿಯ ಬಳಿ ನಿಂತವನು

ಮಾರುವ ಅಂಗಡಿಯವನಿಗೆ ಗಿರಾಕಿಯ ಉದ್ದೇಶ ತಿಳಿಯುವುದು ಸುಲಭ. ತಂದೂರಿ ಭಟ್ಟಿಯವನು ಚೀಲಗಟ್ಟಲೆ ಒಯ್ಯುತ್ತಾನೆ, ಇಸ್ತ್ರಿಯವನು ವಾರಕ್ಕೊಮ್ಮೆ ಬರುತ್ತಾನೆ, ಕಂಬಾರ ತುಂಡಿನ ಗಾತ್ರ ನೋಡುತ್ತಾನೆ. ವರ್ಷದಲ್ಲಿ ಒಮ್ಮೆ ಬಂದು ಹತ್ತು ಕಿಲೋ ಕೇಳುವವನ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಊಹಿಸಲು ಬಹಳ ಜಾಣತನ ಬೇಡ. ವೈದ್ಯರ ಮಾತು, ಆಶಾ ಕಾರ್ಯಕರ್ತೆಯರ ಮಾತು ಮನೆಯ ಹಿರಿಯರಿಗೆ ಒಮ್ಮೊಮ್ಮೆ ರುಚಿಸುವುದಿಲ್ಲ. ಇದ್ದಿಲು ಮಾರುವವನೇ "ಎದುರು-ಬದುರಿನ ಎರಡು ಕಿಂಡಿ ತೆರೆದಿಡ್ರಿ, ರಾತ್ರಿ ಮಲಗುವಾಗ ಶೆಗಡಿ ಹೊರಗ ಇಡ್ರಿ, ಕೂಸಿನ ತೊಟ್ಟಿಲ ಹತ್ತಿರ ಬ್ಯಾಡ" ಎಂದರೆ ಅದಕ್ಕೆ ಬೇರೆಯೇ ತೂಕವಿರುತ್ತದೆ. ತನ್ನ ಸರಕಿನ ದೋಷವನ್ನು ತಾನೇ ಹೇಳುವ ವ್ಯಾಪಾರಿಯನ್ನು ಜನ ನಂಬುತ್ತಾರೆ.

ಕಿಂಡಿ ತೆರೆದರೆ ಶಾಖ ಹೊರಗೆ ಹೋಗುತ್ತದಲ್ಲ ಎಂಬ ಪ್ರಶ್ನೆ ಏಳುವುದು ಸಹಜ, ಮತ್ತು ಅದು ಸರಿಯಾದ ಪ್ರಶ್ನೆ. ಒಂದು ಕಿಲೋ ಇದ್ದಿಲಿನ 7,000 ಕಿಲೋಕ್ಯಾಲೊರಿ ಶಾಖವು ಎಂಟು ಯೂನಿಟ್ ವಿದ್ಯುತ್ತಿಗೆ ಸಮ. ಆದರೆ ಗಾಳಿಯಾಡುವ ಕೋಣೆಯಲ್ಲಿ ಅದರ ಬಹುಪಾಲು ಕಿಂಡಿಯ ದಾರಿ ಹಿಡಿಯುತ್ತದೆ. ಸಾವಿರ ವ್ಯಾಟಿನ ಹೀಟರನ್ನು ಎರಡು ಗಂಟೆ ಉರಿಸಿದರೆ ಎರಡೇ ಯೂನಿಟ್. ಅದು ಕೋಣೆಯ ಆಮ್ಲಜನಕವನ್ನು ಬಳಸದು, ಮೊನಾಕ್ಸೈಡನ್ನು ಹುಟ್ಟಿಸದು. ದಿನಕ್ಕೆ ಎರಡು ಯೂನಿಟ್ಟಿನಂತೆ ನಲವತ್ತು ದಿನಗಳ ಬಾಣಂತನಕ್ಕೆ ಎಂಬತ್ತು ಯೂನಿಟ್. 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತವೆಂದು ನಿಗದಿಯಾದುದರಿಂದ ಈ ಹೆಚ್ಚುವರಿ ಬಳಕೆಯಲ್ಲಿ ಸ್ವಲ್ಪ ಭಾಗಕ್ಕೆ ಹಣ ತೆರಬೇಕಾದೀತು. ಹಾಗಿದ್ದರೂ ಇದ್ದಿಲಿನ ಖರ್ಚಿನೊಡನೆ ಹೋಲಿಸಿ ನೋಡುವುದು ಯೋಗ್ಯ. ಬಿಸಿನೀರಿನ ರಬ್ಬರ್ ಚೀಲಕ್ಕಂತೂ ಅಷ್ಟೂ ಬೇಡ.

ಹೀಗೆ ಹೇಳಿ ಕಳಿಸಿದರೆ ಅಂಗಡಿಗೆ ವರ್ಷಕ್ಕೆ ಕೆಲವು ಹತ್ತು ಕಿಲೋಗಳ ಗಿರಾಕಿಗಳು ತಪ್ಪಬಹುದು. ತಂದೂರಿ ಭಟ್ಟಿ, ಇಸ್ತ್ರಿ ಪೆಟ್ಟಿಗೆ, ಕಂಬಾರ ಸಾಲೆಗಳ ವ್ಯಾಪಾರಕ್ಕೆ ಅದರಿಂದ ಬಾಧೆಯಿಲ್ಲ. ಅವರು ಈಗಾಗಲೇ ಚೀಲ ಬಿಚ್ಚಿ, ತುಂಡು ಮುರಿದು, ಒಳಮೈ ನೋಡಿಯೇ ಒಯ್ಯುತ್ತಿದ್ದಾರೆ.